ಪ್ರತಿಕ್ರಿಯೆ: ನ್ಯೂಯಾರ್ಕಿನ ಯೂನಿಯನ್ ಸೆಮಿನರಿಯ ಕಟ್ಟಡ 1836ರದ್ದೇ?

ಫೋಟೋ ನೋಡಿ ನೀವು ಕೇಳಿದ ಮೊದಲ ಪ್ರಶ್ನೆಗೆ ಉತ್ತರ: ಅಲ್ಲ. 1836 ಈ ಸೆಮಿನರಿ, ಅಂದರೆ ಕ್ರೈಸ್ತ ಪಾದ್ರಿಗಳಾಗುವವರಿಗೆ ಕಲಿಸುವ ಸಂಸ್ಥೆ, ಶುರುವಾದ ವರ್ಷ. ನೀವು ಫೋಟೋದಲ್ಲಿ ನೋಡಿದ ಬ್ರಾಡ್‌ವೇ ಪಕ್ಕದ ಕಲ್ಲಿನ ಗಾಥಿಕ್ ಕಟ್ಟಡಕ್ಕೆ ಸೆಮಿನರಿ ಬಂದದ್ದು 1910ರಲ್ಲಿ. ಮೊದಲು ಯೂನಿವರ್ಸಿಟಿ ಪ್ಲೇಸ್‌ನಲ್ಲಿತ್ತು, 1884ರಲ್ಲಿ ಪಾರ್ಕ್ ಅವೆನ್ಯೂಗೆ ಹೋಯಿತು, ಆಮೇಲೆ ಈಗಿನ ಜಾಗವಾದ ಮಾರ್ನಿಂಗ್‌ಸೈಡ್ ಹೈಟ್ಸ್‌ಗೆ. ಪಾದ್ರಿಗಳಾಗುವವರು ಮಹಾನಗರದ ನಡುವೆಯೇ ಓದಬೇಕು ಎಂಬುದು ಸ್ಥಾಪಕರ ಆಶಯ. ಹಾಗಾಗಿ ಮೂರು ಜಾಗವೂ ನ್ಯೂಯಾರ್ಕಿನ ಹೃದಯಭಾಗವಾದ ಮ್ಯಾನ್‌ಹಟನ್‌ನಲ್ಲೇ.

ಇನ್ನು, ಅದು ಪ್ರೆಸ್ಬಿಟೇರಿಯನ್ (ಪ್ರಾಟೆಸ್ಟಂಟ್ ಕ್ರೈಸ್ತರ ಒಂದು ಪಂಗಡ) ಸಂಸ್ಥೆಯೇ ಎಂಬ ನಿಮ್ಮ ಎರಡನೇ ಪ್ರಶ್ನೆ. ಕಟ್ಟಿದವರು ಪ್ರೆಸ್ಬಿಟೇರಿಯನ್ನರು, ಆದರೆ ಈಗ ಅದು ಯಾವ ಒಂದು ಪಂಗಡಕ್ಕೂ ಸೇರಿಲ್ಲ. ತಿರುವು ಬಂದದ್ದು ಪ್ರಾಧ್ಯಾಪಕ ಚಾರ್ಲ್ಸ್ ಬ್ರಿಗ್ಸ್ ಅವರಿಂದ. ಬೈಬಲ್ಲಿನ ಮೂಲಪಾಠದಲ್ಲೂ ತಪ್ಪುಗಳಿರಬಹುದು ಎಂದು 1891ರ ಜನವರಿಯಲ್ಲಿ ಅವರು ಭಾಷಣ ಮಾಡಿದರು. ಸೆಮಿನರಿ ಪ್ರೆಸ್ಬಿಟೇರಿಯನ್ ಚರ್ಚಿನ ಜೊತೆ ಮಾಡಿಕೊಂಡಿದ್ದ 1870ರ ಒಪ್ಪಂದದ ಪ್ರಕಾರ ಪ್ರಾಧ್ಯಾಪಕರ ನೇಮಕವನ್ನು ತಡೆಯುವ ಅಧಿಕಾರ ಚರ್ಚಿನ ಅತ್ಯುನ್ನತ ಮಂಡಳಿಯಾದ ಮಹಾಸಭೆಗಿತ್ತು. ಬ್ರಿಗ್ಸ್ ನೇಮಕದ ವಿರುದ್ಧ ಸಭೆ ಅದನ್ನು ಬಳಸಿತು. ಸೆಮಿನರಿ ಮಣಿಯಲಿಲ್ಲ, 1892ರಲ್ಲಿ ಒಪ್ಪಂದವನ್ನೇ ಮುರಿಯಿತು. ಮರುವರ್ಷ ಚರ್ಚು ಬ್ರಿಗ್ಸ್ ಅವರನ್ನು ಪಾದ್ರಿ ಸ್ಥಾನದಿಂದ ಅಮಾನತು ಮಾಡಿದರೂ ಸೆಮಿನರಿಯಲ್ಲಿ ಅವರ ಪಾಠ ಮಾತ್ರ ನಿಲ್ಲಲಿಲ್ಲ. ನನ್ನ ಮಟ್ಟಿಗೆ ಒಪ್ಪಂದ ಮುರಿದದ್ದು ಆ ಸಂಸ್ಥೆಯ ಇತಿಹಾಸದಲ್ಲೇ ಅತ್ಯಂತ ಧೈರ್ಯದ ನಿರ್ಧಾರ.

ಹುಡುಕುವಾಗ ಒಂದು ಎಚ್ಚರ: ವರ್ಜೀನಿಯಾದ ರಿಚ್ಮಂಡ್‌ನಲ್ಲಿರುವ ಯೂನಿಯನ್ ಪ್ರೆಸ್ಬಿಟೇರಿಯನ್ ಸೆಮಿನರಿಯೇ ಬೇರೆ. ಅದು 1812ರದ್ದು, ಈಗಲೂ ಪ್ರೆಸ್ಬಿಟೇರಿಯನ್ ಚರ್ಚಿನದ್ದೇ. ನಿಮ್ಮ ಟಿಪ್ಪಣಿಯಲ್ಲಿರುವ 1898 ಅದು ರಿಚ್ಮಂಡ್‌ಗೆ ಬಂದ ವರ್ಷ. ನ್ಯೂಯಾರ್ಕಿನ ಲೆಕ್ಕದಿಂದ ತೆಗೆದುಬಿಡಿ.