ಡ್ರೋನ್ ಫೋಟೋಗೆ 2.7 ಸೆಂ.ಮೀ. ರೆಸಲ್ಯೂಶನ್ ಇದೆ ಅಂತಾರೆ, ಆದರೂ ಸೈಟಿನ ಮೂಲೆಗಲ್ಲು ಕಾಣುತ್ತಿಲ್ಲ. ಯಾಕೆ?

ಬೆಂಗಳೂರಿನ ಹೊರವಲಯದ ಲೇಔಟನ್ನು 100 ಮೀಟರ್ ಎತ್ತರದಿಂದ, ಒಂದಿಂಚಿನ ಸೆನ್ಸರ್ ಇರುವ 20 ಮೆಗಾಪಿಕ್ಸೆಲ್ ಕ್ಯಾಮೆರಾದಲ್ಲಿ ತೆಗೆಸಿದ್ದೀರಿ. ಫೋಟೋ ವಾಟ್ಸಾಪ್‌ನಲ್ಲಿ ಬಂದಿದೆ, 72 ಡಿಪಿಐ ಅಂತ ತೋರಿಸುತ್ತಿದೆ, 30×40 ಸೈಟುಗಳ ಮೂಲೆಗಲ್ಲು ಗುರುತು ಸಿಗುತ್ತಿಲ್ಲ. 300 ಡಿಪಿಐ ಮಾಡಿಸಿದರೆ ಸರಿಹೋಗುತ್ತದಾ ಅನ್ನುವುದು ನಿಮ್ಮ ಪ್ರಶ್ನೆ.

ಹೋಗುವುದಿಲ್ಲ. ಡಿಪಿಐ ಅನ್ನುವುದು ಪ್ರಿಂಟ್ ಹಾಕುವಾಗ ಒಂದಿಂಚು ಕಾಗದದಲ್ಲಿ ಎಷ್ಟು ಚುಕ್ಕೆ ಕೂರಿಸಬೇಕು ಅನ್ನುವ ಸೂಚನೆ ಮಾತ್ರ. ಅದನ್ನು 72ರಿಂದ 300ಕ್ಕೆ ಬದಲಿಸಿದರೆ ಫೋಟೋದೊಳಗೆ ಒಂದು ಪಿಕ್ಸೆಲ್ಲೂ ಹೊಸದಾಗಿ ಬರುವುದಿಲ್ಲ. ನೀವು ನೋಡಬೇಕಾದ್ದು ಜಿಎಸ್‌ಡಿ, ಅಂದರೆ ಒಂದು ಪಿಕ್ಸೆಲ್ ನೆಲದ ಮೇಲೆ ಎಷ್ಟು ಅಗಲವನ್ನು ಆವರಿಸುತ್ತದೆ ಅನ್ನುವ ಲೆಕ್ಕ. ಸೆನ್ಸರ್ ಅಗಲವನ್ನು ಎತ್ತರದಿಂದ ಗುಣಿಸಿ, ಲೆನ್ಸಿನ ಫೋಕಲ್ ಲೆಂಗ್ತ್ ಮತ್ತು ಫೋಟೋದ ಅಗಲದ ಪಿಕ್ಸೆಲ್ ಸಂಖ್ಯೆ ಎರಡರಿಂದಲೂ ಭಾಗಿಸಿ. ಇಂಥ ಕ್ಯಾಮೆರಾಗಳಲ್ಲಿ ಸೆನ್ಸರ್ 13.2 ಮಿ.ಮೀ. ಅಗಲ (ಒಂದಿಂಚು ಅನ್ನುವುದು ಬರೀ ಹೆಸರಿಗೆ), ಲೆನ್ಸ್ 8.8 ಮಿ.ಮೀ., ಫೋಟೋ 5472 ಪಿಕ್ಸೆಲ್ ಅಗಲ ಇರುವುದು ಸಾಮಾನ್ಯ. 100 ಮೀಟರಿನಿಂದ ಒಂದು ಫೋಟೋ 150 ಮೀಟರ್ ಅಗಲದ ನೆಲ ಹಿಡಿಯುತ್ತದೆ. 5472ರಿಂದ ಭಾಗಿಸಿದರೆ 2.74 ಸೆಂ.ಮೀ. ಅಲ್ಲಿಗೆ ಡ್ರೋನಿನವರು ಹೇಳಿದ ಲೆಕ್ಕ ಸರಿ.

ಆದರೆ ಆ ಲೆಕ್ಕ ಮೂಲ ಫೈಲಿನದು, ನಿಮ್ಮ ಕೈಲಿರುವ ಫೋಟೋದ್ದಲ್ಲ. ವಾಟ್ಸಾಪ್‌ನಲ್ಲಿ ಮಾಮೂಲಿಯಾಗಿ ಕಳಿಸಿದ ಫೋಟೋ ಕುಗ್ಗುತ್ತದೆ. ಅದರ ಅಗಲ 1600 ಪಿಕ್ಸೆಲ್‌ಗೆ ಇಳಿದಿದೆ ಅಂದುಕೊಳ್ಳಿ: ಅದೇ 150 ಮೀಟರ್ ಈಗ 1600ರಲ್ಲಿ ಹಂಚಿಹೋಗಿ ಒಂದು ಪಿಕ್ಸೆಲ್‌ಗೆ 9.4 ಸೆಂ.ಮೀ. ಆಗುತ್ತದೆ. ಇದನ್ನು ನೀವೇ ಪರೀಕ್ಷಿಸಬಹುದು. ಯಾವುದಾದರೂ ಮನೆ ಮುಂದಿನ ಸಂಪಿನ ಮುಚ್ಚಳ ಹುಡುಕಿ, ಟೇಪು ಹಿಡಿದು ಅಳೆಯಿರಿ. ಎರಡಡಿ ಇದ್ದರೆ ಮೂಲ ಫೋಟೋದಲ್ಲಿ ಅದು 22 ಪಿಕ್ಸೆಲ್ ಇರಬೇಕು. ಫೋಟೋವನ್ನು ಪೂರ್ತಿ ಹಿಗ್ಗಿಸಿ ಎಣಿಸಿ. ಆರೋ ಏಳೋ ಬಂದರೆ ನಿಮ್ಮ ಹತ್ತಿರ ಇರುವುದು ಕುಗ್ಗಿದ ಪ್ರತಿ. ಮೂಲ ಫೈಲುಗಳನ್ನು ಪೆನ್‌ಡ್ರೈವ್‌ನಲ್ಲಿ ಕೇಳಿ, ಇಲ್ಲವೇ ಡಾಕ್ಯುಮೆಂಟ್ ಆಗಿ ಕಳಿಸಲು ಹೇಳಿ.

ಎಣಿಸುವಾಗಲೇ ಮುಚ್ಚಳದ ಅಂಚನ್ನೂ ಗಮನಿಸಿ. ಬಿಳಿಯಿಂದ ಕಪ್ಪಿಗೆ ಒಂದೆರಡು ಪಿಕ್ಸೆಲ್‌ನಲ್ಲಿ ತಿರುಗಿದರೆ ಫೋಟೋ ಚೊಕ್ಕ. ನಾಲ್ಕೈದು ಪಿಕ್ಸೆಲ್ ಹಿಡಿದರೆ ಮಸುಕು. ಎಲ್ಲ ಬದಿಗೂ ಮಸುಕಿದ್ದರೆ ಸಾಮಾನ್ಯವಾಗಿ ಫೋಕಸ್ ತಪ್ಪಿರುತ್ತದೆ. ಡ್ರೋನ್ ಹಾರಿದ ದಿಕ್ಕಿಗೆ ಮಾತ್ರ ಎಳೆದಂತಿದ್ದರೆ ವೇಗಕ್ಕೆ ತಕ್ಕ ಶಟರ್ ಇಟ್ಟಿಲ್ಲ. ಸೆಕೆಂಡಿಗೆ 10 ಮೀಟರ್ ಹಾರುತ್ತಾ 1/200 ಸೆಕೆಂಡಿನ ಶಟರಿನಲ್ಲಿ ತೆಗೆದರೆ, ಶಟರ್ ತೆರೆದಿರುವಷ್ಟರಲ್ಲಿ ಡ್ರೋನ್ 5 ಸೆಂ.ಮೀ. ಮುಂದೆ ಹೋಗಿರುತ್ತದೆ. ಅಂದರೆ ಸುಮಾರು ಎರಡು ಪಿಕ್ಸೆಲ್. ಕಾಗದದ ಮೇಲೆ 2.7 ಉಳಿದರೂ ಕಣ್ಣಿಗೆ ಸಿಗುವುದು ಅದಲ್ಲ. ಜುಲೈ-ಆಗಸ್ಟ್‌ನ ಮೋಡದಲ್ಲಿ ಶಟರನ್ನು ಆಟೋ ಮೋಡ್‌ಗೆ ಬಿಟ್ಟರೆ ಹೀಗಾಗುವ ಸಂಭವ ಹೆಚ್ಚು. ಶಟರನ್ನು 1/800ಕ್ಕಿಂತ ನಿಧಾನ ಆಗದಂತೆ ಕಟ್ಟಿಹಾಕಿ, ವೇಗವನ್ನು 5 ಮೀಟರ್‌ಗೆ ಇಳಿಸಲು ಹೇಳಿ. ಶಟರ್ ಎಷ್ಟಿತ್ತು ಅನ್ನುವುದು ಮೂಲ ಫೈಲಿನ ಮಾಹಿತಿಯಲ್ಲೇ ದಾಖಲಾಗಿರುತ್ತದೆ.

ಇನ್ನು ಮೂಲೆಗಲ್ಲು. ಅದರ ನೆತ್ತಿ ಆರಿಂಚು ಅಂದುಕೊಂಡರೆ 2.74ರಲ್ಲಿ ಐದೂವರೆ ಪಿಕ್ಸೆಲ್. ಒಂದು ವಸ್ತು ಇಂಥದ್ದೇ ಅಂತ ಗುರುತಿಸಲು ಕನಿಷ್ಠ ಮೂರರಿಂದ ಐದು ಪಿಕ್ಸೆಲ್ ಬೇಕು, ಅದೂ ಸುತ್ತಲಿನ ಬಣ್ಣಕ್ಕಿಂತ ಬೇರೆಯಾಗಿ ಕಂಡರೆ. ಅರ್ಧ ಹೂತು ಕೆಮ್ಮಣ್ಣು ಮೆತ್ತಿಕೊಂಡ ಕಲ್ಲಿಗೆ ಅದು ಸಾಲದು. ಹಾರಿಸುವ ಮೊದಲು ಹುಲ್ಲು ಸವರಿ, ಕಲ್ಲಿನ ಮೇಲೆ ಬಿಳಿ ಬಣ್ಣ ಬಳಿದು, ನಟ್ಟನಡುವೆ ಕಪ್ಪು ಚುಕ್ಕೆ ಇಡಿಸಿ. ಬರೀ ಸುಣ್ಣ ಸುರಿದರೆ ಮಧ್ಯಾಹ್ನದ ಬಿಸಿಲಿಗೆ ಅದು ಬೆಳ್ಳಗೆ ಉರಿದು ಅಕ್ಕಪಕ್ಕದ ಪಿಕ್ಸೆಲ್‌ಗೂ ಹರಡುತ್ತದೆ. ಕಲ್ಲಿನ ಜಾಗ ಸಿಕ್ಕರೂ ಅದರ ಮಧ್ಯಬಿಂದು ಸಿಗುವುದಿಲ್ಲ.

ಮತ್ತೆ ತೆಗೆಸುವುದಾದರೆ 60 ಮೀಟರಿನಿಂದ ತೆಗೆಸಿ, 1.64 ಸೆಂ.ಮೀ. ಸಿಗುತ್ತದೆ. ಹಾಗಂತ ಇನ್ನೂ ಕೆಳಗೆ, ಇನ್ನೂ ಕೆಳಗೆ ಅಂತ ಹೋಗಬೇಡಿ. ಎತ್ತರ ಅರ್ಧವಾದರೆ ಫೋಟೋ ನಾಲ್ಕು ಪಟ್ಟಾಗುತ್ತದೆ, ಅದೇ ವೇಗದಲ್ಲಿ ಹಾರಿದರೂ ಬ್ಯಾಟರಿ ಸುಮಾರು ಎರಡು ಪಟ್ಟು ಖರ್ಚಾಗುತ್ತದೆ. ಪಕ್ಕದಲ್ಲಿ 45 ಮೀಟರಿನ ಅಪಾರ್ಟ್‌ಮೆಂಟ್ ಇದ್ದರೆ 60 ಮೀಟರ್ ಅಪಾಯಕ್ಕೆ ತೀರಾ ಹತ್ತಿರ. 100 ಮೀಟರಿನಲ್ಲೇ ಹಾರಿದರೂ ಅದರ ತಾರಸಿ ಕ್ಯಾಮೆರಾಗೆ ಬರೀ 55 ಮೀಟರ್ ದೂರ: ಅಲ್ಲಿ ವಿವರ 1.5 ಸೆಂ.ಮೀ.ಗೆ ಚೊಕ್ಕವಾಗುತ್ತದೆ, ಆದರೆ ನೆಲದಲ್ಲಿ 75% ಇದ್ದ ಫೋಟೋಗಳ ಓವರ್‌ಲ್ಯಾಪ್ (ಮುಂದಿನ ಫೋಟೋದಲ್ಲೂ ಬರುವ ಭಾಗ) ತಾರಸಿಯಲ್ಲಿ 55%ಕ್ಕೆ ಇಳಿಯುತ್ತದೆ. ಫೋಟೋಗಳನ್ನೆಲ್ಲ ಸಾಫ್ಟ್‌ವೇರ್‌ನಲ್ಲಿ ಒಂದಾಗಿ ಜೋಡಿಸಿದ ಚಿತ್ರದಲ್ಲಿ ಪ್ಯಾರಾಪೆಟ್ ಗೋಡೆ ಅಂಕುಡೊಂಕಾಗಲು ಇದೂ ಒಂದು ಕಾರಣ. ಎತ್ತರವನ್ನು ಸಾಮಾನ್ಯವಾಗಿ ಡ್ರೋನ್ ಎದ್ದ ಜಾಗದಿಂದ ಲೆಕ್ಕ ಹಾಕುವುದರಿಂದ, 12 ಮೀಟರ್ ಎತ್ತರದ ತಾರಸಿಯಿಂದ ಹಾರಿಸಿದರೆ ನಿಮ್ಮ 60 ನೆಲದಿಂದ 72 ಆಗಿರುತ್ತದೆ.

ಒಂದು ಎಚ್ಚರಿಕೆ: 1.64 ಸೆಂ.ಮೀ. ವಿವರ ಕಂಡರೆ ಗಡಿ ಅಷ್ಟೇ ನಿಖರ ಅಂತಲ್ಲ. ಸಾಮಾನ್ಯ ಜಿಪಿಎಸ್ ಇರುವ ಡ್ರೋನಿನಲ್ಲಿ ಇಡೀ ಚಿತ್ರವೇ ಮೀಟರುಗಟ್ಟಲೆ ಪಕ್ಕಕ್ಕೆ ಸರಿದಿರಬಹುದು. ನೆಲದ ಮೇಲೆ ಗುರುತು ಹಾಕಿ ಡಿಜಿಪಿಎಸ್‌ನಲ್ಲಿ (ಹೆಚ್ಚು ನಿಖರವಾಗಿ ಜಾಗ ಅಳೆಯುವ ಜಿಪಿಎಸ್) ಅಳೆದ ಬಿಂದುಗಳಿಗೆ ಚಿತ್ರವನ್ನು ಕಟ್ಟಿದರೆ ಮಾತ್ರ ಅಳತೆಯನ್ನು ನಂಬಿ. ಜೋಡಿಸಿದ ಚಿತ್ರವನ್ನು "1 ಸೆಂ.ಮೀ."ನಲ್ಲಿ ಕೊಡುತ್ತೇವೆ ಅಂದರೆ ಸಾಫ್ಟ್‌ವೇರ್ ವರದಿಯಲ್ಲಿ ಸರಾಸರಿ ಜಿಎಸ್‌ಡಿ ಎಷ್ಟಿದೆ ನೋಡಿ. ಅಲ್ಲಿ 2.7 ಇದ್ದರೆ ಆ 1 ಸೆಂ.ಮೀ. ಬರೀ ಹಿಗ್ಗಿಸಿದ್ದು.

ದಿನ ಗೊತ್ತುಮಾಡುವ ಮುಂಚೆ ಸರ್ಕಾರದ ಡ್ರೋನ್ ಜಾಲತಾಣವಾದ ಡಿಜಿಟಲ್ ಸ್ಕೈ ನಕ್ಷೆಯಲ್ಲಿ ನಿಮ್ಮ ಲೇಔಟ್ ಹುಡುಕಿ. 2021ರ ಡ್ರೋನ್ ನಿಯಮದಂತೆ ಹಸಿರು ವಲಯದಲ್ಲಿ (ಮುಂಚಿತ ಅನುಮತಿ ಬೇಡದ ಜಾಗ) 120 ಮೀಟರ್ ವರೆಗೆ ಹಾರಿಸಬಹುದು. ಚಾಲ್ತಿಯಲ್ಲಿರುವ ವಿಮಾನ ನಿಲ್ದಾಣದ ಗಡಿಯಿಂದ 8ರಿಂದ 12 ಕಿ.ಮೀ. ದೂರದ ನಡುವೆ ಇದ್ದರೆ 60 ಮೀಟರ್ ವರೆಗೆ ಮಾತ್ರ. ದೇವನಹಳ್ಳಿ, ಯಲಹಂಕ, ಜಕ್ಕೂರು, ಎಚ್‌ಎಎಲ್ ಸುತ್ತಮುತ್ತಲಿನವರು ಇದನ್ನು ನೋಡದೆ ಮುಂಗಡ ಕೊಡಬೇಡಿ.