ಕಂಪ್ಯೂಟರ್ ಬ್ರಾಂಡ್‌ಗಳಿಗೆ ಯಾವುದು ಹೆಚ್ಚು ಫಲ ಕೊಡುತ್ತದೆ: ಮಾಹಿತಿ ಕೊಡುವ ಜಾಹೀರಾತೋ, ಹೋಲಿಸುವ ಜಾಹೀರಾತೋ?

ಪ್ರಾಜೆಕ್ಟ್ ವರದಿಗಾಗಿ ಎರಡರಲ್ಲಿ ಒಂದನ್ನು ಆರಿಸಿ ಸಮರ್ಥಿಸಬೇಕು ಎಂದು ಬರೆದಿದ್ದೀರಿ. ಒಂದೇ ಮಾತಿನಲ್ಲಿ ಹೇಳುವುದಾದರೆ, ಮಾರುಕಟ್ಟೆಯಲ್ಲಿ ಚಿಕ್ಕವರಾಗಿದ್ದರೆ ಹೋಲಿಸಿ, ದೊಡ್ಡವರಾಗಿದ್ದರೆ ಎದುರಾಳಿಯ ಹೆಸರನ್ನೇ ಎತ್ತಬೇಡಿ. ಇಷ್ಟಕ್ಕೆ ಅಂಕ ಸಿಗುವುದಿಲ್ಲ, ಗೊತ್ತು. ನಾನು ಹತ್ತು ಹನ್ನೆರಡು ವರ್ಷ ಜಾಹೀರಾತು ಬರೆದು ಹೊಟ್ಟೆ ಹೊರೆದವನು, ಅದರಲ್ಲಿ ದೊಡ್ಡ ಪಾಲು ಲ್ಯಾಪ್‌ಟಾಪು, ಮಾನಿಟರು, ಪ್ರಿಂಟರುಗಳದ್ದೇ. ಹಾಗಾಗಿ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಮೊದಲ ತೊಡಕು ನಿಮ್ಮ ಪ್ರಶ್ನೆಯಲ್ಲೇ ಇದೆ. ಮಾಹಿತಿಯನ್ನು ಒಂದು ಕಡೆ, ಹೋಲಿಕೆಯನ್ನು ಇನ್ನೊಂದು ಕಡೆ ಇಟ್ಟಿದ್ದೀರಿ. ಕಂಪ್ಯೂಟರ್ ವಿಷಯದಲ್ಲಿ ಅವೆರಡನ್ನು ಹಾಗೆ ಬಿಡಿಸುವುದು ಕಷ್ಟ. ‘16 ಜಿಬಿ ರ್‍ಯಾಮ್, 512 ಜಿಬಿ ಎಸ್‌ಎಸ್‌ಡಿ’ ಎಂದು ಬರೆದರೆ ಅದು ಗೊತ್ತಿದ್ದವರಿಗೆ ಮಾತ್ರ ಮಾಹಿತಿ. ಉಳಿದವರಿಗೆ ತಿಳಿಯುವುದು 8ಕ್ಕಿಂತ 16 ದೊಡ್ಡದು ಅನ್ನುವುದಷ್ಟೇ. ಅಂದರೆ ಓದಿದ ಕ್ಷಣದಲ್ಲೇ ಅವರು ಪಕ್ಕದ ಯಂತ್ರದ ಜೊತೆ ತೂಗಿ ನೋಡಿಯಾಯಿತು. ನೀವು ಹೋಲಿಸದಿದ್ದರೆ ಏನಂತೆ, ಗಿರಾಕಿ ಹೋಲಿಸುತ್ತಾನೆ.

ಇದಕ್ಕೆ ನನಗೆ ಬಹಳ ಇಷ್ಟವಾದ ಉದಾಹರಣೆ ಇಂಟೆಲ್‌ನ ಎದುರಾಳಿಯಾದ ಚಿಪ್ ತಯಾರಕ ಎಎಂಡಿ ಕಂಪನಿಯದು. 2001ರ ಹೊತ್ತಿಗೆ ಇಂಟೆಲ್‌ನ ಪೆಂಟಿಯಮ್ 4 ಗಡಿಯಾರದ ವೇಗದಲ್ಲಿ, ಅಂದರೆ ಗಿಗಾಹರ್ಟ್ಸ್ ಲೆಕ್ಕದಲ್ಲಿ, ಬಹಳ ಮುಂದಿತ್ತು. ಎಎಂಡಿಯ ಚಿಪ್ ಒಂದೊಂದು ಬಡಿತಕ್ಕೂ ಹೆಚ್ಚು ಕೆಲಸ ಮಾಡುತ್ತಿತ್ತು, ಆದರೆ ಬಡಿತಗಳು ಕಡಿಮೆ. ಜಾಹೀರಾತಿನಲ್ಲಿ ಬರೀ ಮಾಹಿತಿ ಕೊಟ್ಟಿದ್ದರೆ ಸೋಲು ಖಚಿತ. 1.53 ಗಿಗಾಹರ್ಟ್ಸ್ ಎಂದು ಪ್ರಾಮಾಣಿಕವಾಗಿ ಬರೆದರೆ ಯಾರು ತಿರುಗಿ ನೋಡುತ್ತಾರೆ? ಆಗ ಅವರು ಆ ಚಿಪ್ಪಿಗೆ ‘ಅಥ್ಲಾನ್ ಎಕ್ಸ್‌ಪಿ 1800+’ ಎಂದು ಹೆಸರಿಟ್ಟರು. ಆ 1800 ಮೆಗಾಹರ್ಟ್ಸ್ ಅಲ್ಲವೇ ಅಲ್ಲ. ತಮ್ಮದೇ ಹಳೆಯ ಅಥ್ಲಾನ್‌ಗೆ ಹೋಲಿಸಿದ ಅಂಕಿ ಎಂಬುದು ಕಂಪನಿಯ ವಿವರಣೆ. ಓದುವವರೆಲ್ಲ ಅದನ್ನು ಪೆಂಟಿಯಮ್‌ಗೆ ಹೋಲಿಸಿಯೇ ಓದಿದರು. ಇಡೀ ಹೋಲಿಕೆಯ ಜಾಹೀರಾತನ್ನು ಮಾದರಿಯ ಹೆಸರಿನೊಳಗೇ ಅಡಗಿಸಿಟ್ಟ ಜಾಣತನ ಅದು.

ಇನ್ನು ‘ಬರೀ ಮಾಹಿತಿ’ ಅನ್ನುವುದು ಅಷ್ಟೇನೂ ಸಾಧುವಲ್ಲ. 1 ಟಿಬಿ ಡಿಸ್ಕ್ ಕೊಂಡು ವಿಂಡೋಸ್‌ನಲ್ಲಿ ನೋಡಿದರೆ 931 ಜಿಬಿ ಅನ್ನುತ್ತದೆ. ತಯಾರಕರು ಸಾವಿರದ ಲೆಕ್ಕದಲ್ಲಿ ಎಣಿಸುತ್ತಾರೆ, ವಿಂಡೋಸ್ 1024ರ ಲೆಕ್ಕದಲ್ಲಿ. ಇಬ್ಬರ ಲೆಕ್ಕವೂ ಸರಿ, ಕೊಂಡವನಿಗೆ ಮಾತ್ರ ಮೋಸ ಹೋದ ಭಾವನೆ.

ಈಗ ಹೋಲಿಕೆಗೆ ಬರೋಣ. ನಿಮ್ಮ ವರದಿಯಲ್ಲಿ ಆ್ಯಪಲ್‌ನ ‘ಗೆಟ್ ಎ ಮ್ಯಾಕ್’ ಬಂದೇ ಬರುತ್ತದೆ. 2006ರಿಂದ 2009ರವರೆಗೆ 66 ಜಾಹೀರಾತುಗಳು. ಬಿಳಿ ಹಿನ್ನೆಲೆ, ಇಬ್ಬರು ಗಂಡಸರು. ‘ನಾನು ಮ್ಯಾಕ್’ ಎನ್ನುವ ಜಸ್ಟಿನ್ ಲಾಂಗ್, ‘ನಾನು ಪಿಸಿ’ ಎನ್ನುವ ಜಾನ್ ಹಾಡ್ಜ್‌ಮನ್. ಮ್ಯಾಕ್ ಎಂದರೆ ಆ್ಯಪಲ್‌ನ ಕಂಪ್ಯೂಟರ್, ಪಿಸಿ ಎಂದರೆ ಇಲ್ಲಿ ವಿಂಡೋಸ್ ಓಡುವ ಕಂಪ್ಯೂಟರ್. ಇದನ್ನು ಎಲ್ಲರೂ ಹೋಲಿಕೆಯ ಗೆಲುವು ಎಂದು ಬರೆಯುತ್ತಾರೆ. ನೀವು ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಅದರಲ್ಲಿ ಹೋಲಿಸಿದ್ದು ಏನನ್ನು ಎಂದು ಕೇಳಿಕೊಳ್ಳಿ. ರ್‍ಯಾಮ್ ಅಲ್ಲ, ಗಿಗಾಹರ್ಟ್ಸ್ ಅಲ್ಲ. ವೈರಸ್ಸು, ನಡುವೆ ಕೈಕೊಡುವ ಯಂತ್ರ, ಮುಗಿಯದ ಕಿರಿಕಿರಿ. 2007ರಲ್ಲಿ ವಿಂಡೋಸ್‌ನ ಹೊಸ ಆವೃತ್ತಿ ವಿಸ್ಟಾ ಬಂದಾಗ ಅದು ಮಾತು ಮಾತಿಗೂ ‘ಅನುಮತಿ ಕೊಡಲೇ, ಬೇಡವೇ’ ಎಂದು ಕೇಳುತ್ತಿತ್ತು. ಜಾಹೀರಾತಿನಲ್ಲಿ ಪಿಸಿಯ ಹಿಂದೆ ಕಪ್ಪು ಕನ್ನಡಕದ ಕಾವಲುಗಾರನೊಬ್ಬ ನಿಂತು ಪ್ರತಿ ಮಾತಿಗೂ ಅದನ್ನೇ ಕೇಳಿದ. ನೋಡಿದವರಿಗೆ ಹೊಸ ಮಾಹಿತಿ ಒಂದಿಷ್ಟೂ ಸಿಗಲಿಲ್ಲ. ಬೆಳಿಗ್ಗೆಯಷ್ಟೇ ಆಫೀಸಿನಲ್ಲಿ ಅನುಭವಿಸಿದ್ದನ್ನು ರಾತ್ರಿ ಟಿವಿಯಲ್ಲಿ ಕಂಡು ನಕ್ಕರು. ಹೋಲಿಕೆ ನಾಟುವುದು ಹೀಗೆ. ನೋಡುವವನು ಮನಸ್ಸಿನಲ್ಲಿ ಆಗಲೇ ಒಪ್ಪಿಕೊಂಡದ್ದನ್ನು ನೀವು ಬಾಯಿಬಿಟ್ಟು ಹೇಳಬೇಕು.

ಮ್ಯಾಕ್ ಮಾರಾಟ ಏರಿದ್ದಕ್ಕೆ ಆ ಜಾಹೀರಾತೊಂದೇ ಕಾರಣ ಎಂದು ಮಾತ್ರ ಬರೆಯಬೇಡಿ. ಅದೇ 2006ರಲ್ಲಿ ಮ್ಯಾಕ್ ಇಂಟೆಲ್ ಚಿಪ್ಪಿಗೆ ಬದಲಾಯಿತು, ಅದರಲ್ಲಿ ವಿಂಡೋಸ್ ಕೂಡ ಓಡಿಸಬಹುದಾಯಿತು, ಐಪಾಡ್ ಆಗಲೇ ಎಲ್ಲರ ಕಿವಿಯಲ್ಲಿತ್ತು. ಇನ್ನೊಂದು ವಿಷಯ: ಜಪಾನಿನಲ್ಲಿ ಇದೇ ಜಾಹೀರಾತು ತೆಗೆಯುವಾಗ ಕುಹಕವನ್ನು ಬಹಳ ಮೆದು ಮಾಡಿದರು, ಎದುರಾಳಿಯನ್ನು ನೇರವಾಗಿ ಹಳಿಯುವುದು ಅಲ್ಲಿ ಒರಟುತನ ಅನಿಸುತ್ತದೆ. (ನನ್ನ ಮಟ್ಟಿಗೆ ಹೇಳುವುದಾದರೆ, ಆ ಅರವತ್ತಾರರಲ್ಲೂ ನನಗೆ ಇಷ್ಟವಾದವನು ಪಾಪದ ಪಿಸಿಯೇ.)

ಆಗ ಜಗತ್ತಿನ ಕಂಪ್ಯೂಟರ್ ಮಾರಾಟದಲ್ಲಿ ಮ್ಯಾಕ್ ಪಾಲು ನೂರಕ್ಕೆ ಹತ್ತನ್ನೂ ಮುಟ್ಟಿರಲಿಲ್ಲ. ಆನೆಯ ಪಕ್ಕದಲ್ಲಿ ನಿಂತು ಫೋಟೊ ತೆಗೆಸಿಕೊಂಡರೆ ಲಾಭ ಯಾರಿಗೆ? ಆನೆಗಂತೂ ಅಲ್ಲ. 2008ರಲ್ಲಿ ಮೈಕ್ರೋಸಾಫ್ಟ್ ‘ನಾನು ಪಿಸಿ’ ಎಂದು ನೂರಾರು ಜನರ ಬಾಯಲ್ಲಿ ಹೇಳಿಸಿ ಉತ್ತರ ಕೊಟ್ಟಿತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು. ಎದುರಾಳಿಯ ಮಾತನ್ನೇ ಎತ್ತಿಕೊಂಡು, ಸ್ವಂತ ದುಡ್ಡು ಸುರಿದು, ಇನ್ನಷ್ಟು ಮನೆಗಳಿಗೆ ಮುಟ್ಟಿಸಿದ ಹಾಗೆ.

ನನ್ನ ಈ ನಿಯಮಕ್ಕೆ ಅಪವಾದವನ್ನೂ ಅದೇ ಕಂಪನಿ ಕೊಟ್ಟಿತು. 2009ರ ‘ಲ್ಯಾಪ್‌ಟಾಪ್ ಹಂಟರ್ಸ್’. 1000 ಡಾಲರ್ ಒಳಗೆ 17 ಇಂಚಿನ ಲ್ಯಾಪ್‌ಟಾಪ್ ಹುಡುಕುವ ಹುಡುಗಿ, ಆ್ಯಪಲ್ ಅಂಗಡಿಯಿಂದ ಬರಿಗೈಲಿ ಹೊರಬಂದು ಬೇರೆ ಕಡೆ ಕಡಿಮೆ ಬೆಲೆಗೆ ಕೊಳ್ಳುತ್ತಾಳೆ. ಅದು ತಾಗಿತು. ದರ ಇಳಿಸಿದ್ದೇವೆ, ಜಾಹೀರಾತು ನಿಲ್ಲಿಸಿ ಎಂದು ಆ್ಯಪಲ್‌ನ ವಕೀಲರು ಫೋನ್ ಮಾಡಿದ್ದರು ಅಂತ ಮೈಕ್ರೋಸಾಫ್ಟ್‌ನ ಕೆವಿನ್ ಟರ್ನರ್ ಸಭೆಯೊಂದರಲ್ಲಿ ಖುಷಿಯಿಂದಲೇ ಹೇಳಿಕೊಂಡರು. ತಮಾಷೆ ಎಂದರೆ, ಮೈಕ್ರೋಸಾಫ್ಟ್ ಆಗ ಲ್ಯಾಪ್‌ಟಾಪ್ ತಯಾರಿಸುತ್ತಲೇ ಇರಲಿಲ್ಲ. ಬೆಲೆಯ ಹೋಲಿಕೆಯಷ್ಟು ಚುರುಕಾಗಿ ಮುಟ್ಟುವುದು ಬೇರೊಂದಿಲ್ಲ, ಅಷ್ಟೇ ಬೇಗ ಹಳಸುವುದೂ ಬೇರೊಂದಿಲ್ಲ.

ಹಳಸುವ ವಿಚಾರಕ್ಕೆ ನನ್ನದೇ ಒಂದು ಕಥೆ ಇದೆ. ಒಂದು ಲ್ಯಾಪ್‌ಟಾಪ್ ಕಂಪನಿಗೆ ಪೂರ್ತಿ ಪುಟದ ಜಾಹೀರಾತು ಮಾಡಿದ್ದೆವು. ಎಡಗಡೆ ನಮ್ಮದು, ಬಲಗಡೆ ಎದುರಾಳಿಯದು, ಒಂಬತ್ತು ಸಾಲಿನ ಪಟ್ಟಿ, ಎಲ್ಲಾ ಸಾಲಿನಲ್ಲೂ ನಮಗೇ ಗೆಲುವು. ಪತ್ರಿಕೆ ಅಚ್ಚಾಗುವಷ್ಟರಲ್ಲಿ ಎದುರಾಳಿ ಹೊಸ ಮಾದರಿ ಬಿಟ್ಟಾಗಿತ್ತು, ನಾಲ್ಕು ಸಾಲು ಸುಳ್ಳಾದವು. ಅದಕ್ಕಿಂತ ಹೊಟ್ಟೆ ಉರಿದದ್ದು ಇನ್ನೊಂದು ಕಾರಣಕ್ಕೆ. ಓದಿದವರನ್ನು ಆಮೇಲೆ ವಿಚಾರಿಸಿದಾಗ ಕೆಲವರು ‘ಹೌದು, ನೋಡಿದ್ದೆ’ ಎಂದು ಹೇಳಿದ ಹೆಸರು ಬಲಗಡೆಯವರದು! ನಮ್ಮ ಖರ್ಚಿನಲ್ಲಿ ಅವರಿಗೆ ಪ್ರಚಾರ. ಹೆಸರಾದ ಎದುರಾಳಿಯನ್ನು ಪಕ್ಕದಲ್ಲಿ ಕೂರಿಸಿಕೊಂಡಾಗ ಇದು ಇದ್ದೇ ಇರುವ ಅಪಾಯ.

ಹೋಲಿಕೆಗೆ ಆಯಸ್ಸು ಕಡಿಮೆ, ನೆನಪು ಮಾತ್ರ ಉದ್ದ. 1998ರಲ್ಲಿ ಆ್ಯಪಲ್ ಇಂಟೆಲ್‌ನ ಪೆಂಟಿಯಮ್ 2 ಚಿಪ್ಪನ್ನು ಬಸವನಹುಳುವಿನ ಬೆನ್ನ ಮೇಲೆ ಕೂರಿಸಿ ತೋರಿಸಿತು. 2003ರಲ್ಲಿ ತನ್ನ ಜಿ5 ಯಂತ್ರವನ್ನು ಜಗತ್ತಿನ ಅತಿ ವೇಗದ ಪರ್ಸನಲ್ ಕಂಪ್ಯೂಟರ್ ಎಂದು ಕರೆದುಕೊಂಡು, ಬ್ರಿಟನ್ನಿನ ಟಿವಿ ನಿಯಂತ್ರಣ ಸಂಸ್ಥೆಯಿಂದ ದಾರಿ ತಪ್ಪಿಸುವ ಜಾಹೀರಾತು ಎಂದು ಅನಿಸಿಕೊಂಡಿತು. 2006ರಲ್ಲಿ ಅದೇ ಬಸವನಹುಳುವಿನ ಮನೆಯವರ ಚಿಪ್ಪನ್ನೇ ತನ್ನ ಯಂತ್ರದೊಳಗೆ ಇಟ್ಟುಕೊಂಡಿತು. ಮುಂದೆ 2020ರಲ್ಲಿ ಆ್ಯಪಲ್ ಸ್ವಂತ ಎಂ1 ಚಿಪ್ ತಂದು ಇಂಟೆಲ್ ಕೈಬಿಟ್ಟಾಗ, ಇಂಟೆಲ್ ಮರುವರ್ಷ ಯಾರನ್ನು ಕರೆತಂದಿತು ಗೊತ್ತೇ? ಅದೇ ಜಸ್ಟಿನ್ ಲಾಂಗ್‌ನನ್ನು, ಪಿಸಿ ಪರವಾಗಿ ಮಾತಾಡಲು.

ವರದಿಗೆ ಶೈಕ್ಷಣಿಕ ಆಧಾರ ಬೇಕಿದ್ದರೆ ಗ್ರೇವಾಲ್ ಮತ್ತು ಸಂಗಡಿಗರು 1997ರಲ್ಲಿ ಹಿಂದಿನ ಅಧ್ಯಯನಗಳನ್ನೆಲ್ಲ ಒಟ್ಟುಗೂಡಿಸಿ ಮಾಡಿದ ವಿಶ್ಲೇಷಣೆ ನೋಡಿ. ಹೋಲಿಸುವ ಜಾಹೀರಾತು ಹೆಚ್ಚು ಗಮನ ಸೆಳೆಯುತ್ತದೆ, ಕೊಳ್ಳುವ ಇರಾದೆಯನ್ನೂ ಹೆಚ್ಚಿಸುತ್ತದೆ, ಆದರೆ ಹೇಳಿದವರ ಮೇಲಿನ ನಂಬಿಕೆ ತಗ್ಗುತ್ತದೆ, ಜಾಹೀರಾತೂ ಅಷ್ಟು ಇಷ್ಟವಾಗುವುದಿಲ್ಲ. ಹೊಸ ಬ್ರಾಂಡಿಗೆ ಲಾಭ ಜಾಸ್ತಿ. ಕಾನೂನಿನ ಭಾಗಕ್ಕೆ ಐರೋಪ್ಯ ಒಕ್ಕೂಟದ 2006ರ ನಿಯಮ ಸಾಕು: ಒಂದೇ ಅಗತ್ಯ ಪೂರೈಸುವ ವಸ್ತುಗಳನ್ನು, ಪರೀಕ್ಷಿಸಿ ನೋಡಬಹುದಾದ ಗುಣಗಳ ಮೇಲೆ ಮಾತ್ರ ಹೋಲಿಸಬೇಕು.

ಹಾಗಾದರೆ ಮಾಹಿತಿ ಗೆಲ್ಲುವುದು ಎಲ್ಲಿ? ಕೊಳ್ಳುವುದು ಎಂದು ತೀರ್ಮಾನಿಸಿ, ಯಾವುದು ಎಂದು ಹುಡುಕುತ್ತಿರುವವನ ಮುಂದೆ. ಡೆಲ್ ಮೊದಲ ವರ್ಷಗಳಲ್ಲಿ ಕಂಪ್ಯೂಟರ್ ಪತ್ರಿಕೆಗಳಲ್ಲಿ ಹಾಕುತ್ತಿದ್ದದ್ದು ಬಿಡಿಭಾಗಗಳ ವಿವರ, ಬೆಲೆ, ಫೋನ್ ನಂಬರ್ ತುಂಬಿದ ಪುಟಗಳು. ಆ ಪತ್ರಿಕೆ ಓದುವವನಿಗೆ ಅಷ್ಟು ಸಾಕಿತ್ತು, ಹೋಲಿಕೆಯನ್ನು ಅವನೇ ಪೆನ್ಸಿಲ್ ಹಿಡಿದು ಮಾಡಿಕೊಳ್ಳುತ್ತಿದ್ದ. ಸರ್ವರ್ ಕೊಳ್ಳುವ ಕಂಪನಿಗಳಿಗೂ ಅಷ್ಟೇ, ಅಲ್ಲಿ ಕುಹಕ ನಡೆಯುವುದಿಲ್ಲ.

ನಿಮ್ಮ ಸಮೀಕ್ಷೆಗೆ ಒಂದು ಸಲಹೆ. ಜಾಹೀರಾತು ತೋರಿಸಿದ ಕೂಡಲೇ ‘ಇಷ್ಟವಾಯಿತೇ’ ಎಂದು ಕೇಳಿ ಮುಗಿಸಬೇಡಿ. ಎರಡು ದಿನ ಬಿಟ್ಟು ಅದೇ ಜನರಿಗೆ ‘ಅದು ಯಾರ ಜಾಹೀರಾತು’ ಎಂದು ಕೇಳಿ. ಎಷ್ಟು ಜನ ತಪ್ಪು ಹೆಸರು ಹೇಳಿದರು ಎಂಬುದನ್ನು ಇಲ್ಲಿ ಬಂದು ತಿಳಿಸಿದರೆ ಸಂತೋಷ. ನಮ್ಮ ಒಂಬತ್ತು ಸಾಲಿನ ಪಟ್ಟಿಗಿಂತ ಕೆಟ್ಟದ್ದಾಗಿರಲಾರದು.