ಪೆಸಿಫಿಕ್ ಸಮುದ್ರ ಬಿಸಿಯಾದರೆ ನಮ್ಮ ಮುಂಗಾರು ಯಾಕೆ ಕೈಕೊಡುತ್ತದೆ?

ಪೆರು ದೇಶದ ಕಡಲು ಎಲ್ಲಿ, ಚಿತ್ರದುರ್ಗದ ಶೇಂಗಾ ಹೊಲ ಎಲ್ಲಿ, ಅಲ್ವಾ? ಆದರೆ ಎರಡಕ್ಕೂ ನಂಟಿದೆ. ಆ ನಂಟು ಗಾಳಿಯದು.

ಬಿಸಿ ನೀರಿನ ಮೇಲಿನ ಗಾಳಿ ತೇವ ಹೀರಿಕೊಂಡು ಹಗುರಾಗಿ ಮೇಲೇರುತ್ತದೆ, ಮೋಡ ಕಟ್ಟಿ ಮಳೆ ಸುರಿಸುತ್ತದೆ. ಒಂದು ಕಡೆ ಏರಿದ ಗಾಳಿ ಇನ್ನೊಂದು ಕಡೆ ಇಳಿಯಲೇಬೇಕು. ಇಳಿಯುವ ಕಡೆ ಮೋಡ ಬೆಳೆಯುವುದಿಲ್ಲ.

ಸಾಮಾನ್ಯವಾಗಿ ಪೂರ್ವದಿಂದ ಬೀಸುವ ಗಾಳಿ ಪೆಸಿಫಿಕ್‌ನ ಬಿಸಿ ನೀರನ್ನು ಇಂಡೋನೇಷ್ಯಾದ ಕಡೆ ತಳ್ಳಿಟ್ಟಿರುತ್ತದೆ. ಎಲ್ ನಿನೊ, ಅಂದರೆ ಪೆಸಿಫಿಕ್‌ನ ಮಧ್ಯ ಮತ್ತು ಪೂರ್ವ ಭಾಗ ವಾಡಿಕೆಗಿಂತ ಬಿಸಿಯಾಗುವ ವರ್ಷದಲ್ಲಿ, ಆ ಗಾಳಿ ಸೋಲುತ್ತದೆ. ಬಿಸಿ ನೀರು ಪೂರ್ವಕ್ಕೆ ಹರಡುತ್ತದೆ, ಮಳೆ ಮೋಡಗಳೂ ಅದರ ಹಿಂದೆಯೇ ಹೋಗುತ್ತವೆ. ಇಳಿಯುವ ಗಾಳಿಯ ಪಾಲು ನಮ್ಮ ಕಡೆ ಜಾಸ್ತಿಯಾಗುತ್ತದೆ. ಮುಂಗಾರು ಸೊರಗುವುದು ಹೀಗೆ.

ಹಾಗಂತ ಎಲ್ ನಿನೊ ಅಂದ ಕೂಡಲೇ ಬರ ಅಂತ ಸುಮ್ನೆ ಹೆದರಬೇಡಿ. 1997ರ ಎಲ್ ನಿನೊ ಭಾರಿ ಬಲದ್ದು. ಆದರೂ ಆ ವರ್ಷ ದೇಶದ ಮುಂಗಾರು ವಾಡಿಕೆಗಿಂತ ತುಸು ಹೆಚ್ಚೇ ಆಯಿತು! ಆಗ ಹಿಂದೂ ಮಹಾಸಾಗರ ಆಫ್ರಿಕಾದ ಬದಿಗೆ ಬಿಸಿಯಾಗಿ, ಸುಮಾತ್ರಾದ ಬದಿಗೆ ತಣ್ಣಗಾಗಿತ್ತು. ಇದನ್ನೇ ಡೈಪೋಲ್ ಅನ್ನುತ್ತಾರೆ. ಇದು ನಮ್ಮ ಮಳೆಗೆ ಆಸರೆಯಾಯಿತು ಎಂಬುದು ಹಲವು ವಿಜ್ಞಾನಿಗಳ ಅಭಿಪ್ರಾಯ. ನನಗೂ ಈ ವಿವರಣೆ ಒಪ್ಪಿಗೆಯಾಗುತ್ತದೆ.

ಆದರೆ ಸಮಯ ಕೂಡಿಬರಬೇಕು. 2023ರಲ್ಲೂ ಎಲ್ ನಿನೊ ಜೊತೆಗೆ ಡೈಪೋಲ್ ಬಂತು, ಆದರೆ ಬಲ ಪಡೆಯುವುದು ತಡವಾಯಿತು. ಅಷ್ಟರಲ್ಲಿ ಆಗಸ್ಟ್ ಒಣಗಿಹೋಗಿತ್ತು. 1901ರಿಂದ ಈಚೆಗೆ ದೇಶದಲ್ಲಿ ಅಷ್ಟು ಕಡಿಮೆ ಮಳೆಯ ಆಗಸ್ಟ್ ಬಂದಿರಲಿಲ್ಲ. ಕರ್ನಾಟಕದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಎಂದು ಘೋಷಣೆಯಾದವು.